ಹಳೆಯ ಮೆಕ್ಯಾನಿಕಲ್ ಫಿಲ್ಮ್ ಕ್ಯಾಮೆರಾಗೆ ಹೊಸ ಫ್ಲ್ಯಾಶ್ ಹಾಕಿ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು (ಭತ್ತದ ತೆನೆ) ತೆಗೆಯುವುದನ್ನು ಸೆರೆಹಿಡಿಯಬಹುದೇ?

ಖಂಡಿತ ಆಗುತ್ತದೆ. ಆದರೆ ಟಿಟಿಎಲ್ (ಲೆನ್ಸ್ ಮೂಲಕ ಬೆಳಕು ಅಳೆದು ಫ್ಲ್ಯಾಶನ್ನು ತಾನಾಗಿ ಹೊಂದಿಸುವ ವ್ಯವಸ್ಥೆ) ಕೆಲಸ ಮಾಡದು. ಫ್ಲ್ಯಾಶನ್ನು ಮ್ಯಾನುಯಲ್‌ಗೆ ಹಾಕಿ. ಹಾಟ್ ಶೂ (ಕ್ಯಾಮೆರಾದ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ) ಇಲ್ಲದಿದ್ದರೆ ಕ್ಯಾಮೆರಾಗೂ ಫ್ಲ್ಯಾಶಿಗೂ ಸಂಪರ್ಕ ಕೊಡುವ ಪಿಸಿ ಕೇಬಲ್ ಬೇಕು. ಎಕ್ಸ್, ಎಂ ಎಂದು ಎರಡು ಸಾಕೆಟ್ ಇದ್ದರೆ ಎಕ್ಸ್‌ಗೇ ಚುಚ್ಚಿ. ಎಂ ಇರುವುದು ಹಳೆಯ ಫ್ಲ್ಯಾಶ್ ಬಲ್ಬುಗಳಿಗೆ. ಅದರಲ್ಲಿ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಮಿಂಚಿ ಮುಗಿದು ಚಿತ್ರ ಕತ್ತಲಾಗಿ ಉಳಿಯುತ್ತದೆ.

ಶಟರ್ ವೇಗ ಸಿಂಕ್ ಮಿತಿ (ಫ್ಲ್ಯಾಶ್ ಮಿಂಚುವಾಗ ಶಟರ್ ಪೂರ್ತಿ ತೆರೆದಿರುವ ಗರಿಷ್ಠ ವೇಗ) ದಾಟಬಾರದು. ಪೆಂಟಾಕ್ಸ್ ಕೆ1000ಗೆ ಅದು 1/60 ಸೆಕೆಂಡು. ಮೀರಿದರೆ ಚಿತ್ರದ ಒಂದು ಭಾಗ ಕತ್ತಲು. ರೋಲ್ ಹಾಕುವ ಮೊದಲೇ ಪರೀಕ್ಷಿಸಿ: ಹಿಂಬಾಗಿಲು ತೆರೆದು, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು, ಬಿಳಿ ಗೋಡೆಗೆ ಗುರಿಯಿಟ್ಟು ಒತ್ತಿ. ಹಿಂದಿನಿಂದ ನೋಡಿದಾಗ ಇಡೀ ಚೌಕಟ್ಟು ಬೆಳಗಬೇಕು.

ಅಪರ್ಚರ್ ಲೆಕ್ಕ: ಗೈಡ್ ನಂಬರನ್ನು (ಫ್ಲ್ಯಾಶಿನ ಶಕ್ತಿ ತಿಳಿಸುವ ಸಂಖ್ಯೆ) ಮೀಟರ್ ದೂರದಿಂದ ಭಾಗಿಸಿ. ಐಎಸ್‌ಒ 100ರಲ್ಲಿ 36 ಇದ್ದು, ಕದಿರು ಹಿಡಿದವರು 4.5 ಮೀಟರ್ ದೂರದಲ್ಲಿದ್ದರೆ ಎಫ್/8. ಐಎಸ್‌ಒ 400 ಫಿಲ್ಮ್‌ಗೆ ಗೈಡ್ ನಂಬರ್ ದುಪ್ಪಟ್ಟು, ಅಂದರೆ ಎಫ್/16. ಪೆಟ್ಟಿಗೆ ಮೇಲಿನ ಸಂಖ್ಯೆ ಹೆಚ್ಚಾಗಿ ಗರಿಷ್ಠ ಜೂಮ್‌ನದು, 35 ಮಿ.ಮೀ.ಗೆ ಕಡಿಮೆ. ಅದಕ್ಕೇ ಬಯಲಲ್ಲಿ ನಾನಾದರೆ ಅಪರ್ಚರನ್ನು ಒಂದು ಸ್ಟಾಪ್ (ಬೆಳಕು ದುಪ್ಪಟ್ಟಾಗುವಷ್ಟು) ಹೆಚ್ಚು ತೆರೆಯುತ್ತೇನೆ.

ಐನ್‌ಮನೆಯೊಳಗೆ (ಕೊಡವರ ಕುಲದ ಮನೆ) ಬೌನ್ಸ್, ಅಂದರೆ ಫ್ಲ್ಯಾಶನ್ನು ಮುಚ್ಚಿಗೆಗೆ ತಿರುಗಿಸಿ ಬೆಳಕು ಚಿಮ್ಮಿಸುವುದನ್ನು, ನಂಬಬೇಡಿ, ಕಪ್ಪು ಮರದ ಮುಚ್ಚಿಗೆ ಬೆಳಕನ್ನು ನುಂಗುತ್ತದೆ. ಮಡಿಕೇರಿಯ ಮಳೆಗಾಲ ಕಳೆದ ಕ್ಯಾಮೆರಾ ಫ್ಲ್ಯಾಶನ್ನು ಹಾರಿಸದಿದ್ದರೆ ಮೊದಲು ಶೂ ನಡುವಿನ ಲೋಹದ ಚುಕ್ಕಿ ನೋಡಿ; ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ.