ಮೊಡವೆ ಮಾತ್ರೆ ಮತ್ತು ಮದುವೆ

ಪ್ರಶ್ನೆ: ನನಗೆ 24 ವರ್ಷ. ಮುಖ ಮತ್ತು ಬೆನ್ನಿನಲ್ಲಿ ಗಂಟುಗಂಟಾದ ಮೊಡವೆಗಳಿದ್ದುದರಿಂದ ಚರ್ಮರೋಗ ತಜ್ಞರು ಐಸೊಟ್ರೆಟಿನಾಯಿನ್ 20 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟಿದ್ದಾರೆ. ಎರಡು ತಿಂಗಳಲ್ಲಿ ಮೊಡವೆ ತಗ್ಗಿದೆ. ಆದರೆ ತುಟಿ ಒಡೆಯುತ್ತಿದೆ, ಒಮ್ಮೊಮ್ಮೆ ಮೂಗಿನಲ್ಲಿ ರಕ್ತ ಕಾಣಿಸುತ್ತದೆ. ಈ ಮಾತ್ರೆ ಉಷ್ಣ, ಮುಂದೆ ಮಕ್ಕಳಾಗುವುದಿಲ್ಲ ಎಂದು ಅಮ್ಮ ಹೆದರಿದ್ದಾರೆ. ವೈಶಾಖದಲ್ಲಿ ನನ್ನ ಮದುವೆ. ಮಾತ್ರೆ ಬಿಡಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಿರುವ ತೊಂದರೆಗಳಿಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಕಾಗಿಲ್ಲ. ‘ಎ’ ಜೀವಸತ್ವಕ್ಕೆ ಸಂಬಂಧಿಸಿದ ಈ ಔಷಧವು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಕುಗ್ಗಿಸುವುದರಿಂದಲೇ ಮೊಡವೆ ಇಳಿಯುತ್ತದೆ. ತುಟಿ, ಮೂಗು ಮತ್ತು ಕಣ್ಣು ಒಣಗುವುದು ಇದನ್ನು ಸೇವಿಸುವ ಬಹುತೇಕರಲ್ಲಿ ಕಂಡುಬರುವಂಥದ್ದು. ಮಜ್ಜಿಗೆ, ಎಳನೀರು ಕುಡಿದರೆ ತಪ್ಪೇನಿಲ್ಲ, ಆದರೆ ಅದರಿಂದ ತುಟಿ ವಾಸಿಯಾಗದು. ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ದಿನಕ್ಕೆ ಹಲವು ಬಾರಿ ತುಟಿಗೂ, ಮಲಗುವ ಮುನ್ನ ಮೂಗಿನ ಹೊಳ್ಳೆಯ ಒಳಅಂಚಿಗೂ ತೆಳುವಾಗಿ ಹಚ್ಚಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಮೊಡವೆಯ ಭಯದಿಂದ ತುಪ್ಪ, ಎಣ್ಣೆಗಳನ್ನು ಪೂರ್ತಿ ಬಿಟ್ಟವರಿಗೆ ಈ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ, ಏಕೆಂದರೆ ಅದು ಕೊಬ್ಬಿನಂಶವಿರುವ ಊಟದ ಜೊತೆಗೇ ಚೆನ್ನಾಗಿ ಹೀರಲ್ಪಡುತ್ತದೆ.

ಇದು ಬಂಜೆತನ ತರುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಜವಾದ ಅಪಾಯ ಬೇರೆಯೇ ಇದೆ, ಮತ್ತು ಮದುವೆ ಗೊತ್ತಾಗಿರುವ ನಿಮಗೆ ಅದೇ ಮುಖ್ಯ: ಮಾತ್ರೆ ಸೇವಿಸುತ್ತಿರುವಾಗ ಗರ್ಭ ನಿಂತರೆ ಮಗುವಿನ ಮಿದುಳು, ಹೃದಯ, ಮುಖ ಮತ್ತು ಕಿವಿಗಳು ವಿಕಲವಾಗಿ ಬೆಳೆಯುವ ಸಂಭವ ಬಹಳ ಹೆಚ್ಚು, ಗರ್ಭಪಾತವೂ ಆಗಬಹುದು. ಕೊನೆಯ ಮಾತ್ರೆಯ ನಂತರ ಕನಿಷ್ಠ ಒಂದು ತಿಂಗಳು ಕಳೆಯುವವರೆಗೂ ಗರ್ಭ ಧರಿಸಕೂಡದು. ಆದ್ದರಿಂದ ಮದುವೆಯ ದಿನಾಂಕವನ್ನು ಸಂಕೋಚಪಡದೆ ನಿಮ್ಮ ವೈದ್ಯರಿಗೆ ತಿಳಿಸಿ; ಚಿಕಿತ್ಸೆಯನ್ನು ಅದಕ್ಕೆ ಮುಂಚೆ ಮುಗಿಸುವುದೋ, ಗರ್ಭನಿರೋಧಕದೊಡನೆ ಮುಂದುವರಿಸುವುದೋ ಎಂಬುದನ್ನು ಅವರು ನಿಮ್ಮೊಡನೆ ಕೂತು ನಿರ್ಧರಿಸಲಿ. ಮದುವೆಗೆಂದು ಬ್ಯೂಟಿ ಪಾರ್ಲರ್‌ನಲ್ಲಿ ವ್ಯಾಕ್ಸಿಂಗ್ ಮಾಡಿಸಬೇಡಿ, ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳು ಬೇಡ. ತೆಳುವಾದ ಚರ್ಮ ಕಿತ್ತುಬಂದು ಕಲೆ ಉಳಿಯುತ್ತದೆ.

ಯಕೃತ್ತು ಮತ್ತು ರಕ್ತದ ಕೊಬ್ಬಿನ ಪರೀಕ್ಷೆಯನ್ನು ವೈದ್ಯರು ಹೇಳಿದಾಗ ತಪ್ಪಿಸಬೇಡಿ. ಜ್ವರಕ್ಕೋ ಗಂಟಲು ನೋವಿಗೋ ಬೇರೆ ವೈದ್ಯರ ಬಳಿ ಹೋದರೆ ಈ ಮಾತ್ರೆಯ ಚೀಟಿಯನ್ನು ತೋರಿಸಿ, ಏಕೆಂದರೆ ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಇದರ ಜೊತೆಗೂಡಿದರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು. ತೀವ್ರ ತಲೆನೋವಿನೊಡನೆ ದೃಷ್ಟಿ ಮಂಜಾದರೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಬಂದರೆ ಅಥವಾ ಮನಸ್ಸು ಕಾರಣವಿಲ್ಲದೆ ಕುಗ್ಗಿ ಬದುಕೇ ಬೇಡವೆನಿಸಿದರೆ, ಮುಂದಿನ ಭೇಟಿಗೆ ಕಾಯದೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಈ ಅವಧಿಯಲ್ಲಿ, ಮತ್ತು ನಂತರದ ಒಂದು ತಿಂಗಳು, ರಕ್ತದಾನವೂ ಸಲ್ಲದು. ಉಳಿದ ಮಾತ್ರೆಗಳನ್ನು ಮೊಡವೆ ಇದೆಯೆಂದು ತಂಗಿಗೋ ಗೆಳತಿಗೋ ಕೊಡಬೇಡಿ.