ಸೀಜ್ ಆದ (ಒಳಗೆ ಜಾಮ್ ಆದ) ಇಂಜಿನ್: ಬಿಚ್ಚಿ ನೋಡದೆ ಗುಜರಿಗೆ ಹಾಕಬೇಡಿ

ಸಂಡೂರು ಘಾಟಿಯಲ್ಲಿ ಇಂಜಿನ್ ವಿಪರೀತ ಬಿಸಿಯಾಗಿ ನಿಂತ 2013ರ ಡೀಸೆಲ್ ಸ್ವಿಫ್ಟ್ ಕಾರಿನ ರಿಪೇರಿಗೆ ತೊಂಬತ್ತು ಸಾವಿರ ಕೇಳ್ತಿದ್ದಾರೆ, ಗುಜರಿಗೆ ಕೊಡಲಾ ಅಂದಿದ್ದೀರಿ. ಮೊದಲು ಸೆಲ್ಫ್ ಹೊಡೆಯೋದು ನಿಲ್ಲಿಸಿ. ನಾಲ್ಕೂ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಪ್ಲಗ್) ಬಿಚ್ಚಿಸಿ, ಮೆಕ್ಯಾನಿಕ್ ಕ್ರ್ಯಾಂಕ್ ಪುಲ್ಲಿ (ಇಂಜಿನ್‌ನ ಮುಖ್ಯ ದಂಡದ ತುದಿಯ ಚಕ್ರ) ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಲಿ. ಸಲೀಸಾಗಿ ತಿರುಗಿದರೆ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮಾತ್ರ ಇಳಿಸಿ. ಹೆಡ್‌ನ ತಳದ ಮೇಲೆ ಇಟ್ಟ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಕೆಳಗೆ 0.1 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ನುಗ್ಗಿದರೆ ಹೆಡ್ ಬಾಗಿದೆ. ಹೆಡ್‌ನಲ್ಲಿ ಬಿರುಕಿದೆಯಾ ಅಂತ ನೋಡುವ ಪ್ರೆಶರ್ ಟೆಸ್ಟ್ ಇಲ್ಲದೆ ಹೊಸ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಹಾಕಿಸಲೇಬೇಡಿ. ಬಿರುಕಿದ್ದರೆ ಕೂಲೆಂಟ್ ಮತ್ತೆ ಆಯಿಲ್‌ಗೆ ಸೇರುತ್ತೆ. ಅದಿರಿನ ಕೆಂಪು ಧೂಳು ರೇಡಿಯೇಟರ್ ಸಂದಿಗಳನ್ನ ಮುಚ್ಚಿರುತ್ತೆ, ಅದನ್ನೂ ತೊಳೆಸಿ.

ಇಂಜಿನ್ ತಿರುಗದಿದ್ದರೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿಸಿ. ಆಯಿಲ್‌ನಲ್ಲಿ ಬೇರಿಂಗ್ ಚೂರು ಹೊಳೆಯುತ್ತಿದ್ದು, ಖರ್ಚು ಗಾಡಿ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ ಅಂತೀನಿ. ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸಿದರೆ ಬಿಲ್ ತೋರಿಸಿ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಿಸಿಕೊಳ್ಳಿ. ಗುಜರಿಗಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಡೆಪಾಸಿಟ್ ಸರ್ಟಿಫಿಕೇಟ್ ಪಡೆಯಿರಿ. ಆರ್‌ಸಿ ರದ್ದಾಗುವವರೆಗೂ ಗಾಡಿಯ ಹೊಣೆ ನಿಮ್ಮದೇ.