ಎರಡನೇ ಮಗು, ಹಳೇ ಬಾಂಡ್, ಅಜ್ಜನ ಉಳಿತಾಯ

ಪ್ರಶ್ನೆ: ಮೊದಲ ಬಸಿರಿನಲ್ಲಿ ಮಾತೃ ವಂದನಾ ಯೋಜನೆಯ 5,000 ರೂಪಾಯಿ ಬಂದಿತ್ತು. ಈಗ ಎರಡನೆಯದು ಹೆಣ್ಣು ಮಗು, ಐದು ತಿಂಗಳು. ಎರಡನೆಯದಕ್ಕೆ ಏನೂ ಕೊಡಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?
– ಓದುಗರು, ಚನ್ನಗಿರಿ

ಅದು ಹಳೇ ಮಾತು ತಾಯಿ. ಮೊದಲು ಒಂದೇ ಮಗುವಿಗೆ ಇತ್ತು. 2022ರ ಏಪ್ರಿಲ್‌ನಿಂದ ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಕೊಡುತ್ತಾರೆ, ಅದೂ ಒಂದೇ ಕಂತಿನಲ್ಲಿ. ಗಂಡಾದರೆ ಇಲ್ಲ. ಕಾಯಂ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೂ ಇಲ್ಲ.

ಆದರೆ ಹೆರಿಗೆಯಾಗಿ 270 ದಿನದೊಳಗೆ ಅರ್ಜಿ ಹೋಗಬೇಕು. ನಿಮಗೆ ಇನ್ನು ಹೆಚ್ಚುಕಮ್ಮಿ 120 ದಿನ ಉಳಿದಿದೆ, ಹಾಗಾಗಿ ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಅಂತ ಕೂರಬೇಡಿ. ಆಧಾರ್, ರೇಷನ್ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಹೋಗಿ. ಹೋಗುವ ಮೊದಲು ತಾಯಿ ಕಾರ್ಡಿನ ಚುಚ್ಚುಮದ್ದಿನ ಪುಟ ತೆಗೆದು ನೋಡಿ. 14ನೇ ವಾರದ ಸಾಲಿನಲ್ಲಿ ತಾರೀಖು ಬಿದ್ದಿದೆಯಾ? ಎಷ್ಟೋ ಸಲ ಮಗು ಅಳುತ್ತಿದೆ ಅಂತ ಅವಸರದಲ್ಲಿ ಬರೆಸದೆ ಎದ್ದು ಬಂದಿರುತ್ತೇವೆ, ಆಮೇಲೆ ಆ ಖಾಲಿ ಜಾಗಕ್ಕೆ ಎರಡು ಸಲ ಓಡಾಡಬೇಕು.

ಇನ್ನೊಂದು ವಿಷಯ. ಪಾಸ್‌ಬುಕ್ ಯಾವುದನ್ನೇ ತೋರಿಸಿ, ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ. ನನ್ನ ನಾದಿನಿ ಆರು ತಿಂಗಳು 'ದುಡ್ಡೇ ಬಂದಿಲ್ಲ' ಅಂತ ಅಂಗನವಾಡಿ ಟೀಚರ್ ಮೇಲೆ ರೇಗುತ್ತಿದ್ದಳು. ನೋಡಿದರೆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದು ಮರೆತಿದ್ದ ಖಾತೆಯಲ್ಲಿ ಅದು ಸುಮ್ನೆ ಕೂತಿತ್ತು! ಟೀಚರ್‌ಗೆ ಆಮೇಲೆ ಹೋಳಿಗೆ ಕೊಟ್ಟು ಬಂದಳು, ಆ ಮಾತು ಬೇರೆ.

ಪ್ರಶ್ನೆ: ಮಗಳು 2007ರಲ್ಲಿ ಹುಟ್ಟಿದ್ದು, ಭಾಗ್ಯಲಕ್ಷ್ಮಿ ಬಾಂಡ್ ಇದೆ. ಒಂದು ಲಕ್ಷ ಬರುತ್ತೆ ಅಂತ ನಂಬಿದ್ದೆವು. ಈಗ ಮೂವತ್ತು ಸಾವಿರದ ಲೆಕ್ಕ ಹೇಳುತ್ತಿದ್ದಾರೆ. ಯಾರಾದರೂ ನುಂಗಿದರಾ?
– ಓದುಗರು, ಸಿಂಧನೂರು

ಯಾರೂ ನುಂಗಿಲ್ಲ ಅಣ್ಣಾ, ಆದರೆ ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2006ರ ಮಾರ್ಚ್ 31ರ ನಂತರ ಹುಟ್ಟಿದ ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳಿಗೆ ಈ ಯೋಜನೆ ಶುರುವಾದಾಗ ಸರ್ಕಾರ ಒಂದು ಮಗುವಿನ ಹೆಸರಲ್ಲಿ ಇಟ್ಟಿದ್ದು 10,000 ರೂಪಾಯಿ. 18 ವರ್ಷಕ್ಕೆ ಅದು ಬೆಳೆದು 34 ಸಾವಿರ ಚಿಲ್ಲರೆ ಆಗುತ್ತದೆ. 2008ರ ಆಗಸ್ಟ್‌ನಿಂದ ಆ ಠೇವಣಿಯನ್ನು ಮೊದಲ ಮಗಳಿಗೆ 19,300, ಎರಡನೆಯವಳಿಗೆ 18,350 ಮಾಡಿದರು. ಲಕ್ಷದ ಮಾತು ಬಂದಿದ್ದು ಅಲ್ಲಿಂದ. ಹಿಂದಿನ ಮಕ್ಕಳಿಗೆ ಇದು ಅನ್ವಯಿಸಲಿಲ್ಲ. ಒಂದೇ ಬೀದಿಯಲ್ಲಿ ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳಿಗೆ ಲಕ್ಷ, ಇನ್ನೊಬ್ಬಳಿಗೆ ಮೂರನೇ ಒಂದು ಪಾಲು. ನನ್ನ ಕೇಳಿದರೆ ಇದು ಸರಿಯಲ್ಲ, ಆದರೆ ಬಾಂಡಿನ ಮೇಲೆ ಅಚ್ಚಾಗಿದ್ದೇ ಲೆಕ್ಕ.

ಬಾಂಡಿನ ಮೂಲ ಪ್ರತಿ, ಮಗಳ ಆಧಾರ್, ಅವಳದೇ ಹೆಸರಿನ ಬ್ಯಾಂಕ್ ಖಾತೆ ಇಟ್ಟುಕೊಂಡು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ. ಬಾಂಡಿನಲ್ಲಿ 'ಲಕ್ಷ್ಮೀ', ಆಧಾರಿನಲ್ಲಿ 'ಲಕ್ಷ್ಮಿ ಬಾಯಿ' ಅಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹದಿನೆಂಟಕ್ಕೆ ಮುಂಚೆ ಮದುವೆ ಮಾಡಿದ್ದರೆ ಹಣ ಇಲ್ಲ, ಇದರಲ್ಲಿ ಮಾತ್ರ ಚೌಕಾಸಿಯೇ ಇಲ್ಲ.

ಪ್ರಶ್ನೆ: ಮೊಮ್ಮಗಳಿಗೆ ಮೂರು ವರ್ಷ. ನಾನೇ ಪೋಸ್ಟ್ ಆಫೀಸಿನಲ್ಲಿ ಸುಕನ್ಯಾ ಖಾತೆ ತೆರೆಯಬಹುದಾ?
– ಓದುಗರು, ಶಿರಸಿ

ನೀವಲ್ಲ ಯಜಮಾನರೇ, ಮಗ ಅಥವಾ ಸೊಸೆ ತೆರೆಯಬೇಕು. ಕೋರ್ಟಿನಿಂದ ನೀವೇ ಪೋಷಕರಾಗಿದ್ದರೆ ಬೇರೆ. ಹಣ ನೀವು ಕೊಡಿ, ಯಾರು ಬೇಡ ಅಂತಾರೆ? ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ, 15 ವರ್ಷ ಕಟ್ಟಬೇಕು. ಒಂದು ಮಗುವಿಗೆ ಒಂದೇ ಖಾತೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಮೊದಲು ಸೊಸೆಯನ್ನು ಕೇಳಿ, ಯಾಕಂದರೆ ಭಾಗ್ಯಲಕ್ಷ್ಮಿಯೇ ಈಗ ಸುಕನ್ಯಾ ಆಗಿದೆ, ಸರ್ಕಾರವೇ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಕಟ್ಟುತ್ತದೆ.

ಕಟ್ಟುವುದಾದರೆ ತಿಂಗಳ 5ನೇ ತಾರೀಖಿನೊಳಗೆ ಕಟ್ಟಿ. ಆರಕ್ಕೆ ಹೋದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ.